ಇಬ್ಬರ ಪಾಲಿನ ಒಂದು ಮೇಷ್ಟರಿಕೆ

ಅಹಮದಾಬಾದಿನ ನವರಂಗಪುರದ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಇದ್ದದ್ದು ಒಂದೇ ಹುದ್ದೆ. ಉಡುಪಿ ಕಡೆಯಿಂದ ಬಂದ ಪದ್ಮನಾಭ, ಸುಮತಿ ದಂಪತಿ ಅದನ್ನು ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡ ಹಾಗೆ ಹಂಚಿಕೊಂಡಿದ್ದರು. ಬೆಳಗಿನ ಕ್ಲಾಸು ಗಂಡನಿಗೆ, ಸಂಜೆಯದು ಹೆಂಡತಿಗೆ, ಮಗು ಮನೆಯಲ್ಲಿದ್ದವರ ಕಂಕುಳಿಗೆ. ಅರುವತ್ತರ ದಶಕದಲ್ಲಿ ಇಂಥ ಏರ್ಪಾಡೆಂದರೆ ನೋಡಿದವರಿಗೆಲ್ಲ ತಮಾಷೆ. ನಗುವವರು ನಗಲಿ, ಸುಮತಿಗೆ ಮಾತ್ರ ಸಂಜೆಯ ಆ ಕ್ಲಾಸೇ ಉಸಿರು.

ಆ ವರ್ಷ ಆಡಳಿತ ಮಂಡಳಿಯವರು ಹೊಸ ರಾಗ ತೆಗೆದರು. ಅರ್ಧ ಕೆಲಸದ ಆಟ ಸಾಕು, ಜೂನ್‌ನಿಂದ ಇಡೀ ಹೊತ್ತಿಗೆ ಒಬ್ಬರೇ ಇರಲಿ ಎಂದರು. ಪ್ರಿನ್ಸಿಪಾಲರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ ಮಾತಾಡುವುದೆಂದು ಗಂಡಹೆಂಡಿರಲ್ಲಿ ಮಾತಾಯಿತು.

ಅಷ್ಟರಲ್ಲಿ ಉಡುಪಿ ಹೋಟೆಲಿನ ರಘುರಾಮ ಗಲ್ಲಾದಲ್ಲಿ ಕೂತು, ದಾರಿಯಲ್ಲಿ ಹೋಗುತ್ತಿದ್ದ ಸುಮತಿಯನ್ನು ಕೇಳಿದ: "ಏನಕ್ಕಾ, ನಿನ್ನೆ ಸಂಜೆ ಭಾವ ಪ್ರಿನ್ಸಿಪಾಲರಿಗೆ ಮಸಾಲೆದೋಸೆ ತಿನ್ನಿಸ್ತಾ ಇದ್ರು. ಪ್ರಮೋಷನ್ನಾ?"

ಸುಮತಿ ಮನೆಗೆ ಬಂದವಳೇ ಕೇಳಿದಳು. "ನಿನ್ನೆ ಸಂಜೆ ಎಲ್ಲಿಗೆ ಹೋಗಿದ್ದಿರಿ?"

"ಎಲ್ಲಿಗೂ ಇಲ್ಲ ಮಾರಾಯ್ತಿ. ಮಗುವನ್ನು ಎತ್ತಿಕೊಂಡು ಸ್ವಲ್ಪ ತಿರುಗಾಡಿ ಬಂದೆ."

ಎಲ್ಲಿಗೂ ಇಲ್ಲವಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಷರ್ಟಿಗೆ ಇಸ್ತ್ರಿ ಹಾಕಿದರೂ ಅನುಮಾನ, ಮಗುವಿಗೆ ಜೋಗುಳ ಹಾಡಿದರೂ ಅನುಮಾನ. ಇಡೀ ಕೆಲಸ ತಾನು ನುಂಗಿ ನನ್ನನ್ನು ಒಲೆಯ ಮುಂದೆ ಕೂರಿಸುವ ಹುನ್ನಾರ, ಮೆತ್ತಗಿದ್ದವರೇ ಕತ್ತು ಕುಯ್ಯುವುದು ಎಂದು ಹಲ್ಲು ಕಡಿದಳು.

ಮರುದಿನ ಕ್ಲಾಸಿಗೆ ಮುಂಚೆ ಒಬ್ಬಳೇ ಪ್ರಿನ್ಸಿಪಾಲರ ಕೋಣೆಗೆ ಹೋದಳು. "ಇಡೀ ಕೆಲಸ ನನಗೇ ಕೊಡಿ ಸರ್. ಹುಡುಗರ ಎದುರು ನಿಂತರೆ ನಮ್ಮವರಿಗೆ ಇನ್ನೂ ಕೈ ನಡುಗುತ್ತದೆ. ಅವರೇ ಹೇಳಿದ್ದು."

ಆಡಬಾರದ ಮಾತು ಅದು. ಪದ್ಮನಾಭ ಅದನ್ನು ಅವಳ ಹತ್ತಿರ ಬಿಟ್ಟು ಹೆತ್ತ ತಾಯಿಯ ಹತ್ತಿರವೂ ಆಡಿದವನಲ್ಲ.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಸುಮತಿಬೆನ್, ಮೊನ್ನೆ ಅವರು ನನ್ನನ್ನು ಕರೆದದ್ದು ಎರಡು ಅರ್ಧವನ್ನೂ ಉಳಿಸಿಕೊಡಿ ಎಂದು ಕೇಳುವುದಕ್ಕೆ. ಮಂಡಳಿ ಒಪ್ಪುವ ತನಕ ಸುಮತಿಗೆ ಹೇಳಬೇಡಿ, ಸುಮ್ಮನೆ ಆಸೆ ಹುಟ್ಟಿಸಿದ ಹಾಗಾಗುತ್ತದೆ ಎಂದಿದ್ದರು. ಮಂಡಳಿ ಇವತ್ತು ಬೆಳಗ್ಗೆ ಒಪ್ಪಿತ್ತು."

ಸುಮತಿ ಕೈಮುಗಿದಳು. "ತಪ್ಪಾಯಿತು ಸರ್. ನಾನು ಅಂದದ್ದನ್ನು ಬಿಟ್ಟುಬಿಡಿ."

"ಕೈಹಿಡಿದವಳೇ ಹೀಗೆ ಹೇಳಿದ ಮೇಲೆ ಕೇಳಲಿಲ್ಲ ಎನ್ನುವುದು ಹೇಗೆ? ಜೂನ್‌ನಿಂದ ಇಡೀ ಕೆಲಸ ನಿಮ್ಮದೇ."

ಮನೆಯಲ್ಲಿ ಪದ್ಮನಾಭ ಮಗುವಿಗೆ ಮೊಸರನ್ನ ಉಣಿಸುತ್ತಿದ್ದ. ಸುಮತಿ ಚಪ್ಪಲಿಯನ್ನೂ ಬಿಡದೆ, ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಕೈ ನಡುಗುವುದನ್ನೂ ಹೇಳಿದೆಯಾ?"

"ಹೇಳಿದೆ."

ಅವನು ಮಗುವಿನ ಬಾಯಿ ಒರೆಸಿದ. "ಹಾಗಾದರೆ ಜೂನ್ ತನಕ ಯಾಕೆ ಕಾಯಬೇಕು? ನಾಳೆ ಬೆಳಗಿನ ಕ್ಲಾಸಿಗೂ ನೀನೇ ಹೋಗು," ಎಂದ.