ಬೆರಳಿನ ಉಪ್ಪು

ಏಳು ತಿಂಗಳಿಂದ ಅವಳ ಗೆರೆ ನೆಟ್ಟಗೇ ಬರುತ್ತಿತ್ತು. ಗಾಜಿನ ಪಾತ್ರೆಯ ದ್ರಾವಣದಲ್ಲಿ ಚಿನ್ನದ ಬಿಲ್ಲೆ ಮುಳುಗಿಸಿ, ಅದರ ಮೇಲೆ ಲೇಸರ್ ಬೆಳಕು ಬೀಳಿಸಿ, ವೋಲ್ಟೇಜನ್ನು ಮೆಲ್ಲಗೆ ಏರಿಸುವುದು ಅವಳ ಕೆಲಸ. ದ್ರಾವಣದ ಅಯಾನುಗಳು ಚಿನ್ನಕ್ಕೆ ಅಂಟಿಕೊಂಡರೆ ಮರಳಿ ಬರುವ ಬೆಳಕು ಒಂದು ಚೂರು ಕುಗ್ಗಿ, ಪರದೆಯ ಗೆರೆಯಲ್ಲಿ ಹಳ್ಳ ಬೀಳುತ್ತದೆ. ಅವಳ ಪರ್‌ಕ್ಲೋರೇಟ್ ಎಂಬ ಲವಣದ ದ್ರಾವಣದಲ್ಲಿ ಬೆಳಕು ಕುಗ್ಗಲೇ ಇಲ್ಲ. ಅಂಟುವುದಿಲ್ಲ ಎನ್ನುವುದೂ ಒಂದು ಉತ್ತರವೇ ಎಂದು ಅವಳು ನಂಬಿದ್ದಳು. ಪಿಎಚ್.ಡಿ. ಗೈಡ್ ನಂಬಲಿಲ್ಲ. ನಿನ್ನ ಕೈಗುಣ ಸರಿಯಿಲ್ಲ ಎಂದು ಎಲ್ಲರೆದುರು ನಕ್ಕಿದ್ದರು.

ಹೋದ ವಾರ ಹಿರಿಯ ವಿದ್ಯಾರ್ಥಿ, ಎಲ್ಲರ ಬಾಯಲ್ಲಿ ದೊಡ್ಡಣ್ಣ, ಅದೇ ಬಿಲ್ಲೆ, ಅದೇ ದ್ರಾವಣ ಇಟ್ಟುಕೊಂಡು ಒಂದೇ ಮಧ್ಯಾಹ್ನ ಗೆರೆಯಲ್ಲಿ ಚಂದದ ಹಳ್ಳ ತೆಗೆದ. ಗೈಡ್ ಅವನ ಬೆನ್ನು ತಟ್ಟಿದರು. ಅವಳ ಅಳತೆಗಳನ್ನೆಲ್ಲ ಅವಳ ಪ್ರಬಂಧದಿಂದ ಕಿತ್ತುಹಾಕಲು ಸೋಮವಾರದ ಗಡುವು ಕೊಟ್ಟರು.

ಅವಳು, ದೊಡ್ಡಣ್ಣ ಮತ್ತೊಮ್ಮೆ ಅಳೆಯುವಾಗ, ಕಲಿಯುವವಳ ಹಾಗೆ ಪಕ್ಕದಲ್ಲಿ ನಿಂತಳು. ಬಿಲ್ಲೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದ, ಸರಿ. ಗಾಳಿಯ ಕೊಳೆ ತಾಗದಂತೆ ಶುದ್ಧ ನೀರಿನ ಹನಿ ಹೊದಿಸಿದ, ಅದೂ ಸರಿ. ಆಮೇಲೆ ಪಾತ್ರೆಯಲ್ಲಿ ಓರೆಯಾದ ಬಿಲ್ಲೆಯನ್ನು ಬರಿಬೆರಳು ಅದ್ದಿ ನೇರ ಮಾಡಿದ. ಗ್ಲೌಸ್ ಹಾಕಿದರೆ ಹಿಡಿತ ಸಿಗಲ್ಲ ಕಣೇ, ಎಂದು ಪಾಠವನ್ನೂ ಹೇಳಿದ.

ಬೆವರು! ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡ್ ಚಿನ್ನಕ್ಕೆ ಜಿಗಣೆಯಂತೆ ಅಂಟುತ್ತದೆ. ಇಕ್ಕಳ ಬಿಟ್ಟು ಬೇರೇನನ್ನೂ ಸೋಕಿಸದ ಅವಳದು ಕೆಟ್ಟ ಕೈ, ಇವನದು ಚಿನ್ನದಂಥ ಕೈ.

ಸೋಮವಾರ ಗೈಡ್, ದೊಡ್ಡಣ್ಣ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅಳೆದಳು. ಗೆರೆ ನೆಟ್ಟಗೆ. ಮತ್ತದೇ ಗೋಳು ಎಂದರು ಗೈಡ್. ಅವಳು ಗ್ಲೌಸ್ ಕಳಚಿ, ದ್ರಾವಣಕ್ಕೆ ಬೆರಳದ್ದಿ, ಮತ್ತೆ ಅಳೆದಳು. ಹಳ್ಳ ಬಿತ್ತು, ದೊಡ್ಡಣ್ಣನದಕ್ಕಿಂತ ಆಳವಾಗಿ.

ದೊಡ್ಡಣ್ಣ ಕಿಟಕಿಯತ್ತ ನೋಡಿದ. ಗೈಡ್ ಕನ್ನಡಕ ಒರೆಸಿಕೊಂಡು, ದೊಡ್ಡಣ್ಣನ ಅಳತೆಯ ಲೇಖನ ಆಗಲೇ ಪತ್ರಿಕೆಗೆ ಹೋಗಿದೆ, ಈಗ ರಾದ್ಧಾಂತ ಬೇಡ ಎಂದು ದನಿ ತಗ್ಗಿಸಿದರು.

"ನಿನ್ನ ಹೆಸರೂ ಸೇರಿಸ್ತೀನಿ ಬಿಡಮ್ಮ. ಎರಡನೇದು."

ಅವಳು ಬೆರಳು ಒರೆಸಿಕೊಂಡಳು.

"ನನ್ನ ಹೆಸರು ಬೇಡ ಸರ್. ಅಣ್ಣನ ಬೆರಳಿನ ಹೆಸರು ಹಾಕಿ. ಕೆಲಸ ಮಾಡಿದ್ದು ಅದೇ."

ಎರಡೂ ಗೆರೆಗಳನ್ನು ಪ್ರಿಂಟ್ ತೆಗೆದು ಲ್ಯಾಬ್ ರಿಜಿಸ್ಟರಿಗೆ ಅಂಟಿಸಿದಳು. ದಿನಾಂಕ ಹಾಕಿ, ಎರಡನೆಯದರ ಕೆಳಗೆ 'ಬೆರಳು ಅದ್ದಿದ ಮೇಲೆ' ಎಂದು ಬರೆದು, ಪೆನ್ನನ್ನು ಗೈಡ್ ಕಡೆ ಚಾಚಿದಳು. ಪ್ರತಿ ಪುಟಕ್ಕೂ ತಮ್ಮ ಸಹಿ ಇರಲೇಬೇಕೆಂಬುದು ಅವರೇ ಮಾಡಿದ ನಿಯಮ.

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.