ತಿಳಿ ಗುಲಾಬಿ ಚೌಕ

ಗಂಡನಿಗೆ ಕಂಪ್ಯೂಟರ್ ಕೊಳ್ಳಲು ಹೂಂ ಅನ್ನಬಾರದಿತ್ತು ಎಂದು ವೃಂದಾಗೆ ಅನ್ನಿಸಿದ್ದು ಇದೇ ಮೊದಲಲ್ಲ. ಆದರೆ ಮುದ್ದೇಬಿಹಾಳದ ನಾದಿನಿ ಇಂದುಬಾಯಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಣಸೆ ತೊಕ್ಕಿನ ಡಬ್ಬಿ ಕಳಿಸಿದ ದಿನ ಅನ್ನಿಸಿದಷ್ಟು ಹಿಂದೆಂದೂ ಅನ್ನಿಸಿರಲಿಲ್ಲ.

ಅವರ ಸಿಂದಗಿಯ ಮನೆಗೆ ಆ ಪೆಟ್ಟಿಗೆ ಬಂದದ್ದು ಎರಡು ಸಾವಿರದ ಏಳರ ಯುಗಾದಿಗೆ. ಕಚೇರಿಯ ತರಬೇತಿ ಮುಗಿಸಿ ಬಂದಿದ್ದ ಸಂಕರ್ಷಣನಿಗೆ ಮೈತುಂಬ ಉಮೇದು. ಉಳಿದವರೂ ಒಂದೊಂದು ಕೊಳ್ಳುವಂತೆ ಮಾಡಿ, ನಾಲ್ಕು ಊರಿನ ನಾಲ್ಕು ಮನೆಗಳನ್ನು ಒಂದೇ ಕ್ಯಾಲೆಂಡರಿಗೆ ಕಟ್ಟಿಹಾಕಿದ. ಇಂಡಿಯಲ್ಲಿ ತಾಯಿ ರಂಗೂಬಾಯಿ ಮತ್ತು ವಕೀಲ ಅಣ್ಣ ವಾಸುದೇವ, ಮುದ್ದೇಬಿಹಾಳದಲ್ಲಿ ತಂಗಿ ಇಂದುಬಾಯಿ, ಬಸವನ ಬಾಗೇವಾಡಿಯಲ್ಲಿ ನಿವೃತ್ತ ಹೆಡ್‌ಮಾಸ್ತರ ಬಸಂತರಾಯ ಕಾಕಾ. ಒಬ್ಬರು ಬರೆದದ್ದು ನಾಲ್ಕೂ ಮನೆಯಲ್ಲಿ ಮೂಡಬೇಕು. ಏಕಾದಶಿ, ಕೋರ್ಟಿನ ತಾರೀಖು, ಕಾಕಾ ಗ್ಯಾಸ್ ಸಿಲಿಂಡರಿಗೆ ಹೇಳಿದ ದಿನ, ಎಲ್ಲವೂ ಅದರಲ್ಲಿ. ಫೋನ್ ನಂಬರುಗಳಿಗೂ ಒಂದೇ ಪಟ್ಟಿ. ವೃಂದಾ ಕಲಿಸುವ ಶಾಲೆಯ ನಂಬರೂ ಅದರಲ್ಲಿತ್ತು.

"ಮನಿ ಮಂದ್ಯಾಗ ಮುಚ್ಚಿಡೂ ಅಂಥಾದ್ದು ಏನಿರ್ತದ?" ಎನ್ನುವುದು ಅವನ ಮಾತು.

ಇಷ್ಟಕ್ಕೇ ನಿಂತಿದ್ದರೆ ವೃಂದಾ ಸುಮ್ಮನಿರುತ್ತಿದ್ದಳು. ರಂಗೂಬಾಯಿಯವರದು ಮಡಿಯ ಮನೆ. ಸೊಸೆಯಂದಿರು ತಿಂಗಳಿಗೆ ಮೂರು ದಿನ ಕಡಿಗೆ, ಅಂದರೆ ಹೊರಗೆ, ಕೂಡಬೇಕು. ಒಲೆ, ದೇವರು ಎರಡನ್ನೂ ಮುಟ್ಟುವಂತಿಲ್ಲ. ಹಬ್ಬಕ್ಕೆ ಇಂಡಿಗೆ ಯಾರು ಬರಬಹುದು, ಅಡಿಗೆಗೆ ಯಾರು ಒದಗುತ್ತಾರೆ ಎಂದು ಆಕೆ ಮೊದಲೆಲ್ಲ ಫೋನಿನಲ್ಲಿ ದನಿ ತಗ್ಗಿಸಿ ಕೇಳುತ್ತಿದ್ದರು. ಆ ತಗ್ಗಿದ ದನಿಯಾದರೂ ಒಂದು ಪರದೆಯಂತಿತ್ತು. ಸಂಕರ್ಷಣ ಅದನ್ನೂ ಕಿತ್ತುಹಾಕಿದ. ಇಪ್ಪತ್ತೆಂಟು ದಿನಕ್ಕೊಮ್ಮೆ ಮೂರು ತಿಳಿ ಗುಲಾಬಿ ಚೌಕ, ಒಳಗೆ "ವೃಂದಾ - ರಜಾ". ನಿಜಕ್ಕೂ ರಜಾ ಬಂದ ದಿನ ಅವಳು ಚೌಕ ಒತ್ತಿ ಬಣ್ಣ ಗಾಢ ಮಾಡಬೇಕು.

"ಇದನ್ನೂ ಹಾಕಬೇಕೇನ್ರಿ?" ಎಂದು ಕೇಳಿದ್ದಳು.

"ಅವ್ವಗ ಅನುಕೂಲ ಆಗ್ತದ. ರಜಾ ಅಂತ ಬರದೀನಲ್ಲ, ಯಾರಿಗೆ ತಿಳೀತದ?"

ಎಲ್ಲರಿಗೂ ತಿಳಿಯಿತು. ಚೌಕ ಗಾಢವಾದ ಮರುದಿನ ಬಾಗೇವಾಡಿಯ ಕಾಕಾ ತಪ್ಪದೆ ಫೋನ್ ಮಾಡಿ, "ಆರೋಗ್ಯ ಹೆಂಗದವಾ?" ಎಂದು ವಿಚಾರಿಸುತ್ತಿದ್ದರು. ಎಪ್ಪತ್ತು ವರ್ಷದ ಸಂಭಾವಿತ ಮನುಷ್ಯ. ವೃಂದಾಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ವಿಜಾಪುರದ ಡಾಕ್ಟರಬಾಯಿಯ ಬಳಿ ಅವಳು ಮಾಡಿಸಬೇಕಾದ ತಪಾಸಣೆಗಳೆಲ್ಲ ಮುಗಿದಿದ್ದವು. "ನಿಮ್ಮದೆಲ್ಲಾ ಸರಿ ಅದ. ಇನ್ನ ನಿಮ್ಮ ಯಜಮಾನ್ರನ್ನ ಕರಕೊಂಡು ಬರ್ರಿ," ಎಂದಿದ್ದರು ಆಕೆ. ಅದಾಗಿ ಎರಡು ವರ್ಷ. ಮೊದಲು ಸಂಕರ್ಷಣನಿಗೆ ತರಬೇತಿ ಅಡ್ಡ ಬಂತು, ಆಮೇಲೆ ಬಿಸಿಲು, ಆಮೇಲೆ ಅಧಿಕಮಾಸ. ಜಗತ್ತಿಗೆಲ್ಲ ತಾರೀಖು ಹಾಕುವ ಮನುಷ್ಯನಿಗೆ ತನ್ನದೊಂದು ತಾರೀಖು ಹಾಕಿಕೊಳ್ಳಲು ಕೈ ಬರಲಿಲ್ಲ.

ಈ ಸಲ ತಿಳಿ ಗುಲಾಬಿ ತಿಳಿಯಾಗಿಯೇ ಉಳಿಯಿತು. ಒಂದು ದಿನ, ನಾಲ್ಕು ದಿನ, ಎಂಟು ದಿನ. ವೃಂದಾ ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಶಾಲೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದಳು, ಪಪ್ಪಾಯಿ ತಿನ್ನುವುದು ಬಿಟ್ಟಳು. ಅಷ್ಟೇ ಅವಳ ಆಸೆ, ಅದು ಅವಳೊಬ್ಬಳದು ಎಂದುಕೊಂಡಿದ್ದಳು.

ಒಂಬತ್ತನೆಯ ದಿನ ಶಾಲೆಗೆ ಫೋನ್ ಬಂತು. ಹೆಡ್‌ಮಾಸ್ತರರ ಎದುರೇ ರಿಸೀವರ್ ಹಿಡಿದರೆ ಅತ್ತೆ.

"ವೃಂದಾ, ನೀರಿನ ಕೊಡ ಎತ್ತಬ್ಯಾಡ ತಿಳೀತಿಲ್ಲೊ? ವಾಸುದೇವ ದಿನಾ ನೋಡಿ ಹೇಳ್ಲಿಕ್ಕತ್ತಾನ, ಬಣ್ಣ ಬದಲಾಗಿಲ್ಲಂತ."

ರಂಗೂಬಾಯಿಗೆ ಕಿವಿ ಮಂದ, ದನಿ ದೊಡ್ಡದು. ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಿರುವಿ ಹಾಕತೊಡಗಿದರು. ಹೊರಗೆ ಬಂದರೆ ಜೊತೆಯ ಶಿಕ್ಷಕಿ ದಾನೇಶ್ವರಿ ಮುಗುಳ್ನಗುತ್ತ, "ಏನ್ರಿ ಟೀಚರ್, ಸಿಹಿ ಸುದ್ದಿ ಐತೇನ್ರಿ?" ಎಂದಳು. ಭಾವ ದಿನಾ ಕೂತು ತನ್ನ ಬಣ್ಣ ನೋಡುತ್ತಾನೆ ಎಂಬುದೇ ವೃಂದಾಳ ತಲೆಯಲ್ಲಿ ಸುತ್ತುತ್ತಿತ್ತು.

ಹನ್ನೊಂದನೆಯ ದಿನ, ಮಂಗಳವಾರ, ಬೆಳಿಗ್ಗೆ ಇಂದುಬಾಯಿ ಫೋನ್ ಮಾಡಿದಳು. "ಸಂಜಿ ಬಸ್ಸಿಗೆ ತೊಕ್ಕು ಕಳಸ್ತೀನಿ ವೈನಿ. ಈಗ ನಿಮಗ ಹುಳಿ ಬೇಕನಸ್ತದ."

ಆ ದಿನವೇ ಮಧ್ಯಾಹ್ನ ನಾಲ್ಕನೆಯ ಪೀರಿಯಡ್ಡಿನಲ್ಲಿ ಹೊಟ್ಟೆ ಹಿಂಡಿತು. ಹನ್ನೊಂದು ದಿನದ ಆಸೆ ಶಾಲೆಯ ಬಚ್ಚಲಲ್ಲಿ ಮುಗಿಯಿತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಹಿಡಿದು ನಿಂತಾಗ ಅವಳಿಗೆ ಅಳಬೇಕೆನ್ನಿಸಿತ್ತು. ಆದರೆ ಅಳುವುದಕ್ಕಿಂತ ಮೊದಲು ನಾಲ್ಕು ಊರಿಗೆ ವರದಿ ಒಪ್ಪಿಸಬೇಕಿತ್ತು. ಅದು ನೆನಪಾದದ್ದೇ ಅಳು ಹಿಂದೆ ಸರಿದು ಸಿಟ್ಟು ಮುಂದೆ ಬಂತು.

ಮನೆಯಲ್ಲಿ ಸಂಕರ್ಷಣ ಅವಳ ಮುಖ ನೋಡಿದ. ಅರ್ಥವಾಯಿತು. ಅವನಿಗೂ ನೋವಾಗಿತ್ತು, ಸುಳ್ಳಲ್ಲ.

"ಹಂಗಾರ ಆ ಚೌಕ ಗಾಢ ಮಾಡಿಬಿಡು," ಎಂದ. "ಅವ್ವ ಗುರುವಾರ ರಾಯರಿಗೆ ನೈವೇದ್ಯ ಅಂತ ಮಂದೀನ್ನ ಕರೀಲಿಕ್ಕತ್ತಾಳ."

ಅಷ್ಟು ಹೇಳಿ ಮೈತೊಳೆದು ಸಂಧ್ಯಾವಂದನೆಗೆ ಕೂತ.

ವೃಂದಾ ಕಂಪ್ಯೂಟರಿನ ಮುಂದೆ ಕೂತಳು. ಅದನ್ನು ಮುಟ್ಟಿದರೆ ಮೈಲಿಗೆಯಿಲ್ಲ ಎಂದು ತೀರ್ಮಾನಿಸಿದ್ದೂ ಅವನೇ. ತಿಳಿ ಗುಲಾಬಿಯ ಮೇಲೆ ಒತ್ತಿ, ಅಳಿಸು ಎಂದಳು. ಇದೊಂದೇ ಅಳಿಸಲೋ, ಮುಂದಿನವೆಲ್ಲ ಅಳಿಸಲೋ ಎಂದು ಅದು ಕೇಳಿತು. ಏಳು ವರ್ಷದಲ್ಲಿ ಆ ಮನೆಯಲ್ಲಿ ಅವಳನ್ನು ಕೇಳಿ ಮಾಡಿದ್ದು ಅದೊಂದೇ ಇರಬೇಕು. ಎಲ್ಲ, ಎಂದು ಒತ್ತಿದಳು.

ಆಮೇಲೆ ಡಾಕ್ಟರಬಾಯಿಗೆ ಫೋನ್ ಮಾಡಿ ಸಮಯ ಕೇಳಿ, ಮುಂದಿನ ಸೋಮವಾರದ ಚೌಕದಲ್ಲಿ ಬರೆದಳು: "ಸಂಕರ್ಷಣ - ವಿಜಾಪುರ, ಡಾಕ್ಟರರ ತಪಾಸಣೆ, ಬೆಳಿಗ್ಗೆ ಹತ್ತೂವರೆ." ಬಣ್ಣ ಗಾಢ ಗುಲಾಬಿ. ನಾಲ್ಕೂ ಮನೆಗೆ ನೆನಪಿಸು ಎಂಬಲ್ಲಿ ಗುರುತು ಹಾಕಿದಳು.

ಕಾಲು ತಾಸಿನಲ್ಲಿ ಬಾಗೇವಾಡಿಯಿಂದ ಫೋನ್.

"ಸಂಕರ್ಷಣನ ಆರೋಗ್ಯ ಹೆಂಗದವಾ?"

"ಅವರು ಸಂಧ್ಯಾವಂದನಿಗೆ ಕೂತಾರ ಕಾಕಾ. ಎದ್ದ ಮ್ಯಾಲೆ ಅವರನ್ನ ಕೇಳ್ರಿ."

ಒಳಗಿನಿಂದ ಮಂತ್ರ ಸ್ವಲ್ಪ ಅವಸರದಲ್ಲಿ ಸಾಗಿತು. ಅವನು ಎದ್ದು ಬರುವಷ್ಟರಲ್ಲಿ ಇಂಡಿಯ ಫೋನ್ ಬಂತು. ವೃಂದಾ ಸ್ಪೀಕರಿನ ಗುಂಡಿ ಒತ್ತಿ, ಕಡಿಗೆ ಕೂತವಳು ಸರಿಯಬೇಕಾದಷ್ಟು ದೂರ ಸರಿದು ನಿಂತಳು.

"ಸಂಕರ್ಷಣಾ, ಸೋಮವಾರ ನಿನ್ನ ತಪಾಸಣಿ ಅಂತ ಬಂದದ. ಏನಾಗೇದೋ ನಿನಗ?"

ಅವನು ಪರದೆ ನೋಡಿದ, ಹೆಂಡತಿಯನ್ನು ನೋಡಿದ. "ಏನಿಲ್ಲವ್ವಾ. ಆಮ್ಯಾಲೆ ಹೇಳ್ತೀನಿ."

"ಅವ್ವನ ಮುಂದ ಮುಚ್ಚಿಡೂ ಅಂಥಾದ್ದೇನದ?"

ಅವನ ಕಿವಿಗಳು ಕೆಂಪಾದವು. ತೊಕ್ಕಿನ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು.

"ಮಕ್ಕಳ ಸಲುವಾಗಿ, ಅವ್ವಾ. ಈ ಸಲನೂ ಆಗಲಿಲ್ಲ, ಗುರುವಾರ ಮಂದೀನ್ನ ಕರೀಬ್ಯಾಡ. ಡಾಕ್ಟರಬಾಯಿ ಕರದು ಎರಡು ವರ್ಷ ಆತು. ನಾನ ಹೋಗಿಲ್ಲ."

"ವೃಂದಾಂದು?"

"ಎಲ್ಲಾ ಆಗೇದ. ಸರಿ ಅದ."

ರಂಗೂಬಾಯಿಯ ದನಿ ಮೊದಲಿನಂತೆ ತಗ್ಗಿತು. "ಸೋಮವಾರ ಹೋಗು. ಇಲ್ಲಂದ್ರ ನಾನ ಬಂದು ಕರಕೊಂಡು ಹೋಗ್ತೀನಿ."

ಫೋನ್ ಇಟ್ಟವನು ಕಂಪ್ಯೂಟರಿನ ಕಡೆ ಕೈ ಚಾಚಿದ. "ಎಲ್ಲಾರಿಗೂ ಯಾಕ ತಿಳಿಸಿದಿ? ನನಗಷ್ಟ ಹೇಳಿದ್ರ ಆಗ್ತಿದ್ದಿಲ್ಲೇನು?"

"ಎರಡು ವರ್ಷ ನಿಮಗಷ್ಟ ಹೇಳೀನಿ," ಎಂದಳು ವೃಂದಾ. "ಅಳಿಸಬ್ಯಾಡ್ರಿ. ಆರೂವರಿ ಬಸ್ಸಿಗೆ ಹೋಗೂಣು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ವೃಂದಾ ಹೋಗಿ ತನ್ನ ಚಾಪೆಯ ಮೇಲೆ ಕೂತಳು. ಇನ್ನು ಯಾರಿಗೂ ಏನೂ ತಿಳಿಸುವುದು ಬಾಕಿ ಇರಲಿಲ್ಲ. ಮಧ್ಯಾಹ್ನದಿಂದ ತಡೆದಿದ್ದ ಅಳುವನ್ನು ಆಗ ಅತ್ತಳು.