ಪಟಪಟ ಅನ್ನುವ ಬಾವುಟ

ನಮ್ಮ ತಾರಸಿಯಲ್ಲಿ ನಡೆಯುತ್ತಿದ್ದುದು ಎರಡೇ ಕೆಲಸ. ಒಂದು, ನಾನು ಬಟ್ಟೆ ಒಣಹಾಕುವುದು. ಇನ್ನೊಂದು, ಮಾವನವರ ಬಾವುಟ ಹಾರುವುದು. ಬಟ್ಟೆಗಾಗಿ ನಾನು ದಿನಾ ಹತ್ತಿ ಇಳಿಯುತ್ತೇನೆ. ಬಾವುಟ ಮಾತ್ರ ಹೋದ ವರ್ಷ ಹತ್ತಿದ್ದು, ಇಳಿದೇ ಇರಲಿಲ್ಲ.

ಮಾವನವರು ಬಸ್ ಓಡಿಸಿ ನಿವೃತ್ತರಾದವರು. ಹೋದ ವರ್ಷ ರಾಷ್ಟ್ರೀಯ ದಿನದಂದು ತಾವೇ ಮೇಲೆ ಹೋಗಿ ಬಾವುಟ ಕಟ್ಟಿದರು. ಆಮೇಲೆ ಮಂಡಿ ಕೈಕೊಟ್ಟಿತು, ಕಣ್ಣು ಮಂಜಾಯಿತು. ಅಂದಿನಿಂದ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಿವಿಯಿಂದಲೇ ಬಾವುಟ ನೋಡುತ್ತಿದ್ದರು. ಗಾಳಿ ಬೀಸಿದರೆ ಸಾಕು, ಮೇಲೆ ಪಟಪಟ ಸದ್ದು. "ಕೇಳಮ್ಮ, ಹೋದ ವರ್ಷಕ್ಕಿಂತ ಈಗಲೇ ಜೋರಾಗಿ ಹಾರ್ತಿದೆ," ಎನ್ನುತ್ತಿದ್ದರು.

ಹಾರದೆ ಏನು? ಮಳೆ ಬಿಸಿಲಿಗೆ ಅಂಚೆಲ್ಲ ಚಿಂದಿಯಾಗಿತ್ತು. ಒಂದೊಂದು ಚಿಂದಿಯೂ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಒಂದು ಎಳೆ ಟೀವಿ ಡಿಶ್ಶಿಗೆ ಸುತ್ತಿಕೊಂಡಿತ್ತು. ಉದುರಿದ ದಾರವೆಲ್ಲ ನಾನು ಒಗೆದು ಹರವಿದ ಬಟ್ಟೆಯ ಮೇಲೆ.

ನನ್ನ ಗಂಡನಿಗೆ ಹೇಳಿ ಹೇಳಿ ಬಾಯಿ ಒಣಗಿತು. ಅವರು ಎಲೆಕ್ಟ್ರಿಷಿಯನ್. ಊರವರ ಕಂಬವನ್ನೆಲ್ಲ ಹತ್ತುತ್ತಾರೆ, ಸ್ವಂತ ತಾರಸಿ ಹತ್ತಲು ಪುರುಸೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂದರೆ ಇದೇ. ನಿಜ ಹೇಳಬೇಕೆಂದರೆ ಅವರಿಗೆ ಅಪ್ಪನ ಹೆದರಿಕೆ. 'ಏರಿಸಿದ ಬಾವುಟ ಇಳಿಸೋದು ಸೋತೋರು' ಎನ್ನುವುದು ಮಾವನವರ ಕಾಯಿದೆ. ನಾನೊಮ್ಮೆ, ಹಳತಾಯಿತು, ಇಳಿಸೋಣವೇ ಎಂದು ಕೇಳಿದ್ದಕ್ಕೆ ಇಡೀ ದಿನ ಮಾತು ಬಿಟ್ಟಿದ್ದರು.

ಬಟ್ಟೆಗೆ ಅಂಟಿದ ದಾರವನ್ನು ಕೊಡವಬಹುದು. ನನ್ನ ಸಂಕಟ ಬೇರೆ. ಬೀದಿಯವರು ಮಾವನವರನ್ನು ಪ್ರೀತಿಯಿಂದ 'ಬಾವುಟದ ತಾತ' ಎನ್ನುತ್ತಿದ್ದರು. ಒಂದು ದಿನ ಅಂಗಡಿಯಲ್ಲಿ ನಿಂತಿದ್ದಾಗ ಬೆನ್ನ ಹಿಂದೆ ಯಾರೋ 'ಚಿಂದಿ ತಾತನ ಸೊಸೆ' ಎಂದು ನಕ್ಕರು. ಇವತ್ತಲ್ಲ ನಾಳೆ ಆ ಮಾತು ಅವರ ಕಿವಿಗೂ ಬೀಳುತ್ತದೆ. ಕಣ್ಣು ಮಂಜಾದರೂ ಅವರ ಕಿವಿ ಚುರುಕು. ಬೀದಿಯವರಿಂದ ಕೇಳುವ ಮೊದಲು ಮನೆಯವರೇ ಹೇಳಬೇಕಿತ್ತು. ಹೇಗೆಂದು ತಿಳಿಯದೆ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಭಾನುವಾರ ನಾದಿನಿ ಬಂದಳು. ಅವಳು ಆಟದ ಟೀಚರ್, ಶಾಲೆಯ ಬಾವುಟದ ಹೊಣೆ ಅವಳದೇ. ಗೇಟಿನಲ್ಲೇ ತಲೆಯೆತ್ತಿ ನೋಡಿ, "ಅತ್ತಿಗೆ, ಒರೆಸೋ ಬಟ್ಟೇನ ಕಂಬಕ್ಕೆ ಯಾಕೆ ಕಟ್ಟಿದೀರಾ?" ಎಂದಳು. ನನಗೆ ರೇಗಿತು. ನಿಮ್ಮಪ್ಪನನ್ನೇ ಕೇಳು ಎಂದೆ.

ಕೇಳಿದಳು. ಮಾವನವರು ತಮ್ಮ ಕಾಯಿದೆ ಓದಿದರು. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಪ್ಪಾ, ಕೆಲಸ ಮುಗಿದ ಮೇಲೆ ಬಸ್ಸನ್ನ ಎಲ್ಲಿಗೆ ತರ್ತಿದ್ದೆ?"

"ಡಿಪೋಗೆ."

"ಡಿಪೋಗೆ ತಂದ್ರೆ ಸೋತ ಹಾಗಾ?"

"ಹುಚ್ಚಿ, ಒಳಗೆ ತಂದು ತೊಳೆದ್ರೆ ತಾನೇ ಬೆಳಿಗ್ಗೆ ಮರ್ಯಾದೆಯಾಗಿ ಹೊರಗೆ ಹೋಗೋದು?"

"ಬಾವುಟಕ್ಕೂ ಅಷ್ಟೇ ಅಪ್ಪಾ."

ಬಸ್ಸಿನ ಮಾತಿಗೆ ಮಾವನವರು ತಲೆದೂಗಿದರು. ಆದರೂ ಬಗ್ಗಲಿಲ್ಲ. ಹಾಳಾಗಿದ್ದರೆ ಅಷ್ಟು ಜೋರಾಗಿ ಹಾರುತ್ತಿತ್ತೇ, ಸದ್ದು ಕೇಳಿಸುವುದಿಲ್ಲವೇ ನಿಮಗೆ ಎಂದರು.

ನಾನು ಮೇಲೆ ಹೋದೆ. ಗಂಟು ಬಿಚ್ಚಿ, ಡಿಶ್ಶಿನಿಂದ ಎಳೆ ಬಿಡಿಸಿ, ನೆಲಕ್ಕೆ ತಾಗದಂತೆ ಎದೆಗವಚಿ ತಂದು ಅವರ ಮಡಿಲಲ್ಲಿಟ್ಟೆ. ಅವರ ಬೆರಳುಗಳು ಅಂಚು ಹುಡುಕಿದವು. ಅಂಚಿರಲಿಲ್ಲ. ಚಿಂದಿಗಳ ನಡುವೆ ತೂರಿ ಆಚೆ ಬಂದವು.

"ಇದಾ ಅಷ್ಟು ಸದ್ದು ಮಾಡ್ತಿದ್ದದ್ದು?" ಎಂದರು. ನಾನು ಹೂಂ ಎಂದೆ.

"ಮೊದಲೇ ಯಾಕಮ್ಮ ಹೇಳ್ಲಿಲ್ಲ?"

ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಷ್ಟರಲ್ಲಿ ನನ್ನ ಗಂಡ ಬಂದು, ಸ್ಕೂಟರ್ ಒರೆಸೋಕಾದರೂ ಆಗುತ್ತದೆ, ಕೊಡಿ ಎಂದರು. ಅಪ್ಪ ಮಗಳು ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ ನೋಟಕ್ಕೆ ಬಂದ ದಾರಿಯಲ್ಲೇ ಹೊರಗೆ ಹೋದರು.

ಹರಿದ ಬಾವುಟ ಒರೆಸುವ ಬಟ್ಟೆಯಲ್ಲ, ಗಾಡಿಗೆ ಹೊದಿಕೆಯಲ್ಲ, ಕಸದ ಡಬ್ಬಿಗೂ ಹಾಕಬಾರದು ಎಂದು ನಾದಿನಿ ತಿಳಿಸಿದಳು. ಜನರ ಕಣ್ಣಿಗೆ ಬೀಳದ ಕಡೆ, ಇಡಿಯಾಗಿ, ಗೌರವದಿಂದ ಸುಡಬೇಕಂತೆ. ಹಿತ್ತಲಲ್ಲಿ ಹಾಗೆಯೇ ಮಾಡಿದೆವು. ಅಷ್ಟು ಹೊತ್ತೂ ಮಾವನವರು ಆ ಮಂಡಿಯಲ್ಲೇ ಎದ್ದು ನಿಂತಿದ್ದರು.

ಹೊಸ ಬಾವುಟ ಬಂತು. ಗಂಡ ಕೊನೆಗೂ ಗೇಟಿನ ಪಕ್ಕ ಕಂಬ ನೆಟ್ಟು ರಾಟೆ ಹಾಕಿದರು. ಈಗ ಮಾವನವರು ನೆಲದ ಮೇಲೆ ನಿಂತೇ ಹಗ್ಗ ಎಳೆಯುತ್ತಾರೆ. ತಲೆಕೆಳಗಾಗದಂತೆ ಕಟ್ಟಿಕೊಡುವುದು ನನ್ನ ಕೆಲಸ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಎಂದು ಮಗಳು ಹೇಳಿದ್ದು ಅವರಿಗೆ ಬಹಳ ಹಿಡಿಸಿದೆ. ಒಳ್ಳೆ ಡ್ರೈವರ್ ಬ್ರೇಕ್ ಹಾಕುವುದೂ ಹಾಗೆಯೇ ಅಂತೆ. ಹೊತ್ತು ಮುಳುಗುವ ಮುಂಚೆ ಅವರು ಇಳಿಸುತ್ತಾರೆ, ನೆಲ ಮುಟ್ಟದಂತೆ ನಾನು ಕೈಯೊಡ್ಡಿ ಹಿಡಿಯುತ್ತೇನೆ. ಒದ್ದೆಯಾಗಿದ್ದರೆ ಒಣಗಿಸಿ, ಮಡಿಸಿ, ಚೊಕ್ಕ ಪೆಟ್ಟಿಗೆಯಲ್ಲಿಡುತ್ತೇನೆ. ಸರಿಯಾಗಿ ನಾನು ಹಾಲು ಒಲೆಯ ಮೇಲಿಟ್ಟಾಗಲೇ ಅವರು ಕೂಗುವುದು. ನನ್ನ ಹಣೆಬರಹ.

ನಿನ್ನೆ ಹಗ್ಗ ಹಿಡಿದು ನಿಂತವರು, "ಈಗ ಸದ್ದೇ ಇಲ್ವಲ್ಲಮ್ಮ," ಎಂದರು.

"ಹರಿದಿಲ್ಲ ಮಾವ, ಅದಕ್ಕೆ," ಎಂದೆ. ಅವರು ನಕ್ಕರು. ಬೀದಿಯಲ್ಲಿ ಹೋಗುತ್ತಿದ್ದವರು 'ಬಾವುಟದ ತಾತ, ಚೆನ್ನಾಗಿದೀರಾ' ಎಂದು ಕೇಳಿಕೊಂಡು ಹೋದರು. ಒಳಗೆ ಹಾಲು ಉಕ್ಕಿತು.

ಅಕ್ಕತಂಗಿಯರೇ, ನಿಮ್ಮ ಮನೆಯ ಬಾವುಟ ಜೋರಾಗಿ ಸದ್ದು ಮಾಡುತ್ತಿದ್ದರೆ ಹೆಮ್ಮೆಪಡುವ ಮೊದಲು ಒಮ್ಮೆ ಮೇಲೆ ಹೋಗಿ ನೋಡಿ. ಬಟ್ಟೆ ಹರವಲು ಹೇಗೂ ಹೋಗುತ್ತೀರಲ್ಲ. ಬಾವುಟದ ನಿಯಮಗಳನ್ನು ಹತ್ತಿರದ ಶಾಲೆಯಲ್ಲೋ ಕಚೇರಿಯಲ್ಲೋ ಕೇಳಿ ತಿಳಿದುಕೊಳ್ಳಿ. ಏರಿಸಲು ಮುಂದೆ ಬರುವ ಕೈ ಇಳಿಸಲೂ ಬರಲಿ. ಹೋಗುವ ಮುಂಚೆ ಒಲೆ ಮಾತ್ರ ಆರಿಸಿ.